ಬಿಸಿಲು ಬೇರೆ, ಸೆಖೆ ಬೇರೆ: ಘಟ್ಟದ ಮೇಲಿನವರಿಗೆ ಕರಾವಳಿಯ ಟ್ರಯಥ್ಲಾನ್

(ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಗೋವಾದ ಟ್ರಯಥ್ಲಾನಿಗೆ ಮೊದಲ ಸಲ ಹೊರಟಿರುವ ಹವ್ಯಾಸಿಗಳಿಗಾಗಿ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಈ ಸಭೆಯಲ್ಲಿದ್ದರೆ ಅವರಿಗೆ ಇವತ್ತಿನ ಅರ್ಧ ಮಾತು ಆಗಲೇ ಗೊತ್ತು. ಬಿಸಿಲು ಅಂದರೆ ಒಂದು, ಸೆಖೆ ಅಂದರೆ ಇನ್ನೊಂದು. ಬಯಲುಸೀಮೆಯಲ್ಲಿ ಮರದ ನೆರಳಿಗೆ ಬಂದರೆ ಬಿಸಿಲು ಅಲ್ಲಿಗೇ ಮುಗಿಯಿತು. ಸೆಖೆ ನೆರಳಿಗೂ ಹಿಂದೆಯೇ ಬರುತ್ತದೆ. ಒಗೆದ ಟವೆಲನ್ನು ಬೆಂಗಳೂರಿನಲ್ಲಿ ಹರವಿದರೆ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ. ಕರಾವಳಿಯ ನೆರಳಿನಲ್ಲಿ ಸಂಜೆಗೂ ತಣ್ಣಗೆ ಜಿಗುಟಾಗಿರುತ್ತದೆ. ಟವೆಲಿನ ನೀರಿಗೆ ಆಗುವುದೇ ಮೈಮೇಲಿನ ಬೆವರಿಗೂ ಆಗುತ್ತದೆ. ಘಟ್ಟದ ಮೇಲೆ ಆರು ತಿಂಗಳು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು ಗೋವಾದಲ್ಲಿ ಓಟದ ಐದನೇ ಕಿಲೋಮೀಟರಿಗೆ ನಡೆಯತೊಡಗುವುದಕ್ಕೆ ಬಹುತೇಕ ಸಲ ಕಾರಣ ಇದೇ. ಕಾಲಿನಲ್ಲಿ ಶಕ್ತಿ ಇರುತ್ತದೆ, ಶಾಖ ಹೊರಹೋಗಲು ದಾರಿ ಇರುವುದಿಲ್ಲ.

ದೂರಗಳ ಪರಿಚಯ ನಿಮಗೆಲ್ಲ ಇದೆ. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಅದರ ಎರಡರಷ್ಟು. ಐರನ್‌ಮ್ಯಾನ್ 70.3ರಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ; ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3. ಗೋವಾದಲ್ಲಿ ಇದು ಮೊದಲು ನಡೆದದ್ದು 2019ರ ಅಕ್ಟೋಬರ್ 20ರಂದು, ಪಣಜಿಯ ಮಿರಾಮಾರ್ ಕಡಲತೀರದಲ್ಲಿ. ಅಲ್ಲಿಂದೀಚೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿಯ ಹವ್ಯಾಸಿಗಳಿಗೆ ಕಾರಿನಲ್ಲೇ ಹೋಗಿ ಬರಬಹುದಾದ ಅರ್ಧ ದೂರದ (ಪೂರ್ಣ ಐರನ್‌ಮ್ಯಾನಿನ ಅರ್ಧ) ರೇಸ್ ಅದು.

ಈಗ ಗಡಿಯಾರ ನೋಡೋಣ. ಈಜು ಬೆಳಗ್ಗೆ ಏಳರ ಹೊತ್ತಿಗೆ ಶುರುವಾಗುತ್ತದೆ ಅಂದುಕೊಳ್ಳಿ. ಸಾಧಾರಣ ಹವ್ಯಾಸಿ 50 ನಿಮಿಷದಲ್ಲಿ ನೀರಿನಿಂದ ಹೊರಬಂದು, ಬಟ್ಟೆ ಬರೆ ಸರಿಮಾಡಿಕೊಂಡು, ಎಂಟಕ್ಕೆ ಸೈಕಲ್ ಹತ್ತುತ್ತಾರೆ. ಮೂರೂವರೆ ಗಂಟೆ ತುಳಿದು ಹನ್ನೊಂದೂವರೆಗೆ ಇಳಿಯುತ್ತಾರೆ. ಎರಡೂವರೆ ಗಂಟೆ ಓಡಿ ಮಧ್ಯಾಹ್ನ ಎರಡಕ್ಕೆ ಮುಗಿಸುತ್ತಾರೆ. ಮುಂಚೂಣಿಯವರು ಹನ್ನೊಂದೂವರೆ, ಹನ್ನೆರಡಕ್ಕೆಲ್ಲ ಪದಕ ಹಾಕಿಕೊಂಡು ನೆರಳಿನಲ್ಲಿ ಕೂತಿರುತ್ತಾರೆ. ಅಂದರೆ ಈ ಪಂದ್ಯದ ಕೆಟ್ಟ ಬಿಸಿಲು ಬೀಳುವುದು ಅತ್ಯಂತ ಕಡಿಮೆ ತಯಾರಿ ಇರುವವರ ತಲೆಯ ಮೇಲೆ. ನಮ್ಮ ಅಭ್ಯಾಸವಾದರೂ ಹೇಗಿದೆ? ಬೆಳಗ್ಗೆ ಐದೂವರೆಗೆ ನಂದಿ ಬೆಟ್ಟದ ಕಡೆ ಹೊರಟವರು ಒಂಬತ್ತಕ್ಕೆ ಮನೆ ಸೇರಿ ತಿಂಡಿಗೆ ಕೂರುತ್ತಾರೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಹತ್ತುವವರದೂ ಇದೇ ಕ್ರಮ. ರೇಸಿನ ದಿನ ಅದೇ ಒಂಬತ್ತು ಗಂಟೆಗೆ ಸೈಕಲ್ ಭಾಗದ ಮೂರನೇ ಒಂದು ಪಾಲೂ ಮುಗಿದಿರುವುದಿಲ್ಲ.

ಸ್ವಲ್ಪ ಲೆಕ್ಕ ಮಾಡಬೇಕು, ದಯವಿಟ್ಟು ಸಹಿಸಿಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಪೆಡಲಿಗೆ 180 ವ್ಯಾಟ್ ಹೋಗಬೇಕಾದರೆ ದೇಹ ಒಳಗೆ ಸುಮಾರು 800 ವ್ಯಾಟ್ ಖರ್ಚು ಮಾಡುತ್ತದೆ. ಉಳಿದ 600ಕ್ಕೂ ಹೆಚ್ಚು ವ್ಯಾಟ್ ಬರೀ ಶಾಖ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಹಾಗಾಗಿ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು ಆವಿಯಾದರೆ ಲೆಕ್ಕ ಸರಿಹೋಗುತ್ತದೆ. ಆವಿಯಾಗಬೇಕು, ಅದು ಮುಖ್ಯ. ಗಲ್ಲದಿಂದ ತೊಟ್ಟಿಕ್ಕಿ ಡಾಂಬರಿಗೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಉಪ್ಪು ನೀರು ಎರಡನ್ನೂ ತೆಗೆದುಕೊಂಡು ಹೋಗುತ್ತದೆ ಅಷ್ಟೇ. ಸೆಖೆಯಲ್ಲಿ ಗಾಳಿ ಆಗಲೇ ತೇವದಿಂದ ತುಂಬಿರುವುದರಿಂದ ಬೆವರಿನ ದೊಡ್ಡ ಪಾಲು ಹೀಗೆ ತೊಟ್ಟಿಕ್ಕುತ್ತದೆ. ದೇಹ ಇನ್ನಷ್ಟು ಬೆವರುತ್ತದೆ, ಚರ್ಮಕ್ಕೆ ಇನ್ನಷ್ಟು ರಕ್ತ ಕಳಿಸುತ್ತದೆ, ಕಾಲಿನ ಪಾಲು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಏರುತ್ತಾ ಹೋಗುತ್ತದೆ.

ಸೈಕಲ್ ಮೇಲೆ ಇದು ಗೊತ್ತಾಗುವುದಿಲ್ಲ. ಗಂಟೆಗೆ 26 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಇಳಿದು ಎಂಟು ಕಿ.ಮೀ. ವೇಗದಲ್ಲಿ ಓಡತೊಡಗಿದ ಕೂಡಲೇ ಫ್ಯಾನ್ ನಿಂತಂತೆ. ಮೊದಲ ಹತ್ತು ನಿಮಿಷದಲ್ಲೇ ಹಲವರು ಕಂಗಾಲಾಗುವುದು ಇದರಿಂದ.

ಇದಕ್ಕೆ ಮದ್ದು ದೇಹದಲ್ಲೇ ಇದೆ, ಆದರೆ ಕೇಳಿ ಪಡೆಯಬೇಕು. ಹತ್ತರಿಂದ ಹದಿನಾಲ್ಕು ದಿನ ಶಾಖದಲ್ಲಿ ಅಭ್ಯಾಸ ಮಾಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎಲ್ಲರಿಗೂ ಎರಡು ವಾರ ಮೊದಲೇ ಗೋವಾಕ್ಕೆ ಹೋಗಿ ಕೂರಲು ರಜೆ ಸಿಗುವುದಿಲ್ಲ. ಮನೆಯಲ್ಲಿ ಮಾಡುವ ದಾರಿ ಹೀಗೆ: ಸೈಕಲನ್ನು ಇಂಡೋರ್ ಟ್ರೈನರಿಗೆ (ಒಂದೇ ಕಡೆ ನಿಲ್ಲಿಸಿ ತುಳಿಯುವ ಸಾಧನ) ಹಾಕಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತುಂಬುತೋಳಿನ ಅಂಗಿ ತೊಟ್ಟು 45ರಿಂದ 60 ನಿಮಿಷ ಹಗುರವಾಗಿ ತುಳಿಯುವುದು. ಮೊದಲ ಐದು ದಿನ ಸತತವಾಗಿ, ಆಮೇಲೆ ದಿನ ಬಿಟ್ಟು ದಿನ. ಕೊನೆಯ ಸಲ ರೇಸಿಗೆ ಮೂರ್ನಾಲ್ಕು ದಿನ ಮೊದಲು. ಈ ಅವಧಿಯಲ್ಲಿ ವೇಗದ ಅಭ್ಯಾಸ ಬೇರೆ ಹೊತ್ತಿಗಿರಲಿ, ಎರಡನ್ನೂ ಬೆರೆಸಬೇಡಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಮಾಡಿ. ತಲೆ ಸುತ್ತಿದರೆ, ಮೈ ಜುಮ್ಮೆಂದು ಚಳಿ ಬಂದಂತಾದರೆ ಅಲ್ಲಿಗೇ ನಿಲ್ಲಿಸಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು. ಹೀಗೆ ಗಳಿಸಿದ್ದು ಎರಡು ಮೂರು ವಾರ ಬಿಟ್ಟರೆ ಬಹುಪಾಲು ಕರಗಿಹೋಗುತ್ತದೆ. ಆಗಸ್ಟಿನಲ್ಲಿ ಮಾಡಿದ್ದು ಅಕ್ಟೋಬರಿಗೆ ಬಾರದು.

ಅದೇ ದಿನಗಳಲ್ಲಿ ಬೆವರಿನ ಲೆಕ್ಕವನ್ನೂ ತೆಗೆಯಿರಿ. ಬಟ್ಟೆಯಿಲ್ಲದೆ ತೂಕ ನೋಡಿ, ಒಂದು ಗಂಟೆ ತುಳಿಯಿರಿ, ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. 68.4 ಕಿಲೋ ಇದ್ದದ್ದು 67.6 ಆಯಿತು, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಅಂದರೆ ಬೆವರು ಗಂಟೆಗೆ 1.3 ಲೀಟರ್. ನಡುವೆ ಮೂತ್ರಕ್ಕೆ ಹೋಗಿದ್ದರೆ ಅಷ್ಟನ್ನು ಕಳೆಯಬೇಕು. ಬೆಳಗಿನ ಕಬ್ಬನ್ ಪಾರ್ಕ್ ಓಟದಲ್ಲಿ ತೆಗೆದ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬಾರದು, ಶಾಖದಲ್ಲಿ ತೆಗೆದದ್ದೇ ಬೇಕು. ಹೋದಷ್ಟನ್ನೂ ಕುಡಿದು ತುಂಬಿಸಲು ಹೋಗಬೇಡಿ. ಬಹಳ ಜನರ ಹೊಟ್ಟೆ ಗಂಟೆಗೆ 800 ಮಿಲಿಲೀಟರಿನಿಂದ ಒಂದು ಲೀಟರಿಗಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ, ಉಳಿದದ್ದು ಹೊಟ್ಟೆಯಲ್ಲೇ ಕುಲುಕಾಡುತ್ತದೆ. ಮುಗಿಸುವ ಹೊತ್ತಿಗೆ ತೂಕದ ನೂರಕ್ಕೆ ಎರಡು ಮೂರರಷ್ಟು ಇಳಿದಿದ್ದರೆ ಗಾಬರಿ ಬೇಡ. ತೂಕ ಏರಿದ್ದರೆ ಮಾತ್ರ ಅಪಾಯ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನೀರು ಜಾಸ್ತಿ ಕುಡಿಯಿರಿ ಎಂಬ ಉಪದೇಶವನ್ನು ಎಲ್ಲರೂ ಕೇಳಿಕೊಂಡೇ ಬಂದಿದ್ದೇವೆ. ಆರೇಳು ಗಂಟೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ಬೆರಳು ಊದಿ ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗುತ್ತವೆ. ತಲೆನೋವು, ವಾಕರಿಕೆ, ಆಮೇಲೆ ಮಂಕು. ಅದು ಜೀವಕ್ಕೇ ಎರವಾಗಬಹುದು. ನೋಡುವವರು ಬಾಯಾರಿಕೆ ಎಂದುಕೊಂಡು ಇನ್ನೊಂದು ಬಾಟಲಿ ನೀರು ಕುಡಿಸಿಬಿಡುತ್ತಾರೆ. ಲೀಟರ್ ಬೆವರಿನಲ್ಲಿ ಕೆಲವರಿಗೆ 500 ಮಿಲಿಗ್ರಾಂ ಸೋಡಿಯಂ ಹೋದರೆ ಕೆಲವರಿಗೆ 1500 ಹೋಗುತ್ತದೆ. ಅಭ್ಯಾಸ ಮುಗಿದ ಮೇಲೆ ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ದಪ್ಪಗೆ ಕೂತಿದ್ದರೆ ನೀವು ಎರಡನೇ ಗುಂಪಿನವರು ಎಂದು ಹಿಡಿಯಿರಿ.

ಬಾಟಲಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 750 ಮಿಲಿಲೀಟರ್ ನೀರು, 45 ಗ್ರಾಂ ಸಕ್ಕರೆ, 2 ಗ್ರಾಂ ಪುಡಿ ಉಪ್ಪು, ಅರ್ಧ ನಿಂಬೆಹಣ್ಣು. ಚಮಚದ ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಇದರಲ್ಲಿ ಸಕ್ಕರೆ ನೂರಕ್ಕೆ ಆರರಷ್ಟು, ಸೋಡಿಯಂ 800 ಮಿಲಿಗ್ರಾಂ ಆಸುಪಾಸು. ಗಂಟೆಗೆ ಒಂದು ಬಾಟಲಿ ಇದು, ಜೊತೆಗೆ 20-25 ಗ್ರಾಂ ಕಾರ್ಬೋಹೈಡ್ರೇಟಿನ ಒಂದು ಜೆಲ್ (ಪೊಟ್ಟಣದಲ್ಲಿ ಬರುವ ಸಿಹಿ ಲೇಹ್ಯ) ಅಥವಾ ಒಂದು ಬಾಳೆಹಣ್ಣು. ಗಂಟೆಗೆ 60-70 ಗ್ರಾಂ ಆಯಿತು, ಮೊದಲ ಸಲದವರಿಗೆ ಧಾರಾಳ ಸಾಕು. ಸಕ್ಕರೆಯಲ್ಲಿ ಗ್ಲೂಕೋಸು, ಫ್ರಕ್ಟೋಸು ಎರಡೂ ಅರ್ಧರ್ಧ ಇವೆ, ಕರುಳಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಬಾಗಿಲು. ಬರೀ ಗ್ಲೂಕೋಸ್ ಆದರೆ ಒಂದೇ ಬಾಗಿಲಲ್ಲಿ ನೂಕುನುಗ್ಗಲು. ಹಾಗೆ ಬರೀ ಗ್ಲೂಕೋಸೇ ಗಂಟೆಗೆ 60 ಗ್ರಾಂ ದಾಟಿದರೆ ಹೊಟ್ಟೆ ಕೆಡುತ್ತದೆ. ಜೆಲ್ಲನ್ನು ಸಕ್ಕರೆ ಬಾಟಲಿಯ ಜೊತೆ ತೆಗೆದುಕೊಳ್ಳಬೇಡಿ, ಸಾದಾ ನೀರಿನ ಜೊತೆ ತೆಗೆದುಕೊಳ್ಳಿ. ಎರಡೂ ಸೇರಿದರೆ ಹೊಟ್ಟೆಯೊಳಗೆ ಪಾಕದಂತೆ ಗಟ್ಟಿಯಾಗಿ, ಅದನ್ನು ತೆಳುವಾಗಿಸಲು ಕರುಳು ದೇಹದಿಂದಲೇ ನೀರು ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ವಾಂತಿ ಬರುವುದು ಹೀಗೆ. ಇನ್ನೊಂದು ಮಾತು: ಸಕ್ಕರೆ ನೀರನ್ನು ಹಿಂದಿನ ದಿನವೇ ಬೆರೆಸಿ ಸೈಕಲ್ಲಿನಲ್ಲಿಟ್ಟು ಬಂದರೆ ಆ ಸೆಖೆಗೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಪುಡಿಗಳನ್ನು ಪೊಟ್ಟಣ ಕಟ್ಟಿ ಒಯ್ದು, ಬೆಳಗ್ಗೆ ಬೆರೆಸಿ.

ಬೆಳಗಿನ ತಿಂಡಿ ನಾಲ್ಕಕ್ಕೆ, ಅಂದರೆ ಈಜಿಗೆ ಮೂರು ಗಂಟೆ ಮೊದಲು. ಆ ಹೊತ್ತಿಗೆ ಯಾವ ಹೋಟೆಲೂ ತೆರೆದಿರುವುದಿಲ್ಲ. ಒಲೆ ಇಲ್ಲದ ಕೋಣೆಯಲ್ಲಿ ನಂಬಬಹುದಾದ್ದು ಅವಲಕ್ಕಿ. ನೂರು ಗ್ರಾಂನಲ್ಲಿ 75 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದೆ, ನಾರು ಕಡಿಮೆ. ನೆನೆಸಿ, ಬೆಲ್ಲ ಹಾಕಿ, ಒಂದು ಬಾಳೆಹಣ್ಣಿನ ಜೊತೆ ತಿಂದರೆ ಮುಗಿಯಿತು. ಕಾಯಿತುರಿ, ತುಪ್ಪ, ಕಡಲೆಕಾಯಿ ಬೀಜ ಆ ದಿನ ಬೇಡ, ಕೊಬ್ಬು ನಿಧಾನಕ್ಕೆ ಇಳಿಯುತ್ತದೆ. ಹಿಂದಿನ ರಾತ್ರಿ ಅನ್ನ, ತಿಳಿಸಾರು ಸಾಕು; ಮೀನೂಟ ರೇಸ್ ಮುಗಿದ ಮೇಲೆ.

ಈಜಿಗೆ ಬರೋಣ. ಮಿರಾಮಾರ್ ಇರುವುದು ಮಾಂಡೋವಿ ಕಡಲು ಸೇರುವ ಬಾಯಲ್ಲಿ. ಅದು ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ಮಳೆಗಾಲ ಮುಗಿದ ಹೊಸದರಲ್ಲಿ ನದಿ ತಂದ ಮಣ್ಣಿಂದ ನೀರು ಕದಡಿರುತ್ತದೆ, ಚಾಚಿದ ಸ್ವಂತ ಕೈ ಕಾಣದಿದ್ದರೂ ಆಶ್ಚರ್ಯವಿಲ್ಲ. ಕೊಳದ ತಳದ ಕಪ್ಪು ಗೆರೆಯನ್ನೇ ನೋಡಿಕೊಂಡು ಈಜಿದವರಿಗೆ ಮೊದಲ ಆಘಾತ ಇದು. ಎರಡನೆಯದು, 25 ಮೀಟರಿಗೊಮ್ಮೆ ಗೋಡೆ ಒದ್ದು ಸಿಗುತ್ತಿದ್ದ ಪುಟ್ಟ ವಿಶ್ರಾಂತಿ ಅಲ್ಲಿಲ್ಲ. ಮೂರನೆಯದು ಅಕ್ಕಪಕ್ಕದವರ ಕೈಕಾಲು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಲಿಗಿಳಿಯುವ ಹಾಗಿಲ್ಲ, ಹಾಗಾಗಿ ಅಕ್ಟೋಬರಿನ ರೇಸಿಗೆ ಸಮುದ್ರದಲ್ಲಿ ಅಭ್ಯಾಸಕ್ಕೆ ಸಿಗುವುದು ಹೆಚ್ಚೆಂದರೆ ಕೆಲವು ವಾರಾಂತ್ಯ. ಪಣಂಬೂರು, ಮಲ್ಪೆ, ಕಾಪು, ಎಲ್ಲೇ ಆಗಲಿ ಜೀವರಕ್ಷಕರು ಬೇಡವೆಂದರೆ ವಾದಿಸದೆ ಹಿಂದಿರುಗಿ. ಉಳಿದದ್ದನ್ನು ಕೊಳದಲ್ಲೇ ಮಾಡಬೇಕು. ಗೋಡೆ ಮುಟ್ಟದೆ ಒಂದು ಮೀಟರ್ ಮೊದಲೇ ತಿರುಗಿ. ಒಂದೇ ಲೇನಿನಲ್ಲಿ ಮೂವರು ಅಕ್ಕಪಕ್ಕ ಈಜಿ. ಕಣ್ಣು ಮುಚ್ಚಿ ಎಂಟು ಕೈ ಹಾಕಿ, ಕಣ್ಣು ಬಿಟ್ಟಾಗ ಎಡಕ್ಕೆ ಸರಿದಿದ್ದೀರೋ ಬಲಕ್ಕೋ ನೋಡಿ. ಎಲ್ಲರೂ ಒಂದು ಕಡೆಗೆ ಎಳೆಯುತ್ತಾರೆ, ನಿಮ್ಮದು ಯಾವ ಕಡೆ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮುಂದೆ ನೋಡುವುದಕ್ಕೂ ಕ್ರಮವಿದೆ. ಆರರಿಂದ ಹತ್ತು ಕೈಗೊಮ್ಮೆ ಕಣ್ಣಷ್ಟೇ ನೀರ ಮೇಲೆ ಬರುವಷ್ಟು ತಲೆ ಎತ್ತಿ, ತೇಲುಗುರುತನ್ನು ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಿ. ತಲೆ ಪೂರ್ತಿ ಎತ್ತಿ ಮುಂದೆ ನೋಡುತ್ತಲೇ ಉಸಿರೆಳೆದರೆ ಸೊಂಟ ಮುಳುಗಿ ಬ್ರೇಕ್ ಹಾಕಿದಂತಾಗುತ್ತದೆ, ಅಲೆ ಬಾಯಿಗೇ ನುಗ್ಗುತ್ತದೆ. ಅಲೆಯ ನೆತ್ತಿಯ ಮೇಲಿರುವಾಗ ನೋಡಿ, ತಗ್ಗಿನಲ್ಲಿದ್ದಾಗ ನೀರಿನ ಗೋಡೆ ಬಿಟ್ಟು ಏನೂ ಕಾಣದು. ಗಾಗಲ್ಸ್ ಪಟ್ಟಿ ಟೋಪಿಯ ಒಳಗಿರಲಿ, ಯಾರಾದರೂ ಒದ್ದರೆ ಜಾರುವುದಿಲ್ಲ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಇಲ್ಲವಾದರೆ ಉಪ್ಪುನೀರಿನಲ್ಲಿ ಉಜ್ಜಿದ ಚರ್ಮ ಓಟದ ಹೊತ್ತಿಗೆ ಉರಿಯುತ್ತದೆ. ಆದರೆ ಗಾಗಲ್ಸ್ ಹಾಕಿಕೊಂಡ ಮೇಲೆ ಹಚ್ಚಿ. ವ್ಯಾಸಲೀನ್ ಕೈಯಲ್ಲಿ ಗಾಜು ಮುಟ್ಟಿದರೆ 1.9 ಕಿ.ಮೀ. ಮಂಜಿನಲ್ಲಿ ಈಜಿದಂತೆ. ಅಲ್ಲಿನ ಕಡಲು ಬೆಚ್ಚಗಿರುವುದರಿಂದ ವೆಟ್‌ಸೂಟಿಗೆ (ಮೈಗಂಟುವ ರಬ್ಬರಿನ ಈಜುಡುಪು) ಅವಕಾಶವಿಲ್ಲ, ಅದು ಕೊಡುವ ತೇಲುವ ಬಲವನ್ನು ನಂಬಿ ಹೋಗಬೇಡಿ. ಬೆಚ್ಚಗಿನ ನೀರಿನಲ್ಲಿ ಬಿರುಸಾಗಿ ಈಜಿದರೆ ಶಾಖದ ಸಾಲ ಅಲ್ಲಿಂದಲೇ ಶುರು.

ನೀರಿನಲ್ಲಿ ದಿಗಿಲಾದರೆ ಮಾಡಬೇಕಾದದ್ದು ಒಂದೇ. ಅಂಗಾತ ತಿರುಗಿ ತೇಲಿ, ಉಸಿರನ್ನು ಉದ್ದಕ್ಕೆ ಹೊರಬಿಡಿ. ಎಳೆದುಕೊಳ್ಳುವುದಲ್ಲ, ಬಿಡುವುದು. ಒಂದು ಕೈ ಮೇಲೆತ್ತಿದರೆ ಕಯಾಕ್ ಬರುತ್ತದೆ. ಅದನ್ನು ಹಿಡಿದುಕೊಂಡು ಸುಧಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಕಯಾಕ್ ನಿಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ. ಇದು ಗೊತ್ತಿಲ್ಲದೆ ಅನರ್ಹರಾಗುತ್ತೇವೆಂಬ ಭಯಕ್ಕೆ ಒದ್ದಾಡಿದವರು ಬಹಳ. ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಸಮುದ್ರದ ನೀರಿನಲ್ಲೇ ತೊಳೆದು ವೈದ್ಯಕೀಯ ತಂಡಕ್ಕೆ ತೋರಿಸಿ.

ಟ್ರಾನ್ಸಿಷನ್, ಅಂದರೆ ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವುದರ ಬಗ್ಗೆ ಚಿಕ್ಕದಾಗಿ. ಹೆಲ್ಮೆಟ್ಟಿನ ಬಕಲ್ ಹಾಕಿಕೊಂಡ ಮೇಲೆಯೇ ಸೈಕಲ್ ಮುಟ್ಟಿ, ಸೈಕಲ್ ಮರಳಿ ಸ್ಟ್ಯಾಂಡಿಗೆ ತಗುಲಿಸಿದ ಮೇಲೆಯೇ ಬಿಚ್ಚಿ. ನಂಬರ್ ಪಟ್ಟಿ ಸೈಕಲ್ಲಿನಲ್ಲಿ ಬೆನ್ನಿಗೆ, ಓಟದಲ್ಲಿ ಎದುರಿಗೆ. ಹತ್ತುವ ಗೆರೆ ದಾಟಿದ ಮೇಲೆ ಹತ್ತಿ, ಇಳಿಯುವ ಗೆರೆಗೆ ಮೊದಲೇ ಇಳಿಯಿರಿ. ಪಾದದ ಮರಳನ್ನು ಒರೆಸಲು ಒಂದು ಸಣ್ಣ ಟವೆಲ್, ತೊಳೆಯಲು ಅರ್ಧ ಬಾಟಲಿ ನೀರು. ಸಾಕ್ಸಿನೊಳಗೆ ಉಳಿದ ಹಿಡಿ ಮರಳು 21 ಕಿ.ಮೀ.ಗೆ ಮರಳು ಕಾಗದದ ಕೆಲಸ ಮಾಡುತ್ತದೆ.

ಸೈಕಲ್ಲಿನ ವಿಷಯದಲ್ಲಿ ಹೆಚ್ಚು ತೊಂದರೆ ಬರುವುದು ಸಾಗಿಸುವಾಗ. ಕಾರಿನ ಹಿಂದಿನ ರ‍್ಯಾಕಿನಲ್ಲಿ ಒಯ್ಯುವಾಗ ಚಕ್ರ ಸೈಲೆನ್ಸರಿನ ಬಾಯಿಗೆ ಎದುರಾಗಿರಬಾರದು. ಗಂಟೆಗಟ್ಟಲೆ ತಾಗುವ ಬಿಸಿಹೊಗೆಗೆ ಟಯರ್ ಮೆತ್ತಗಾಗುತ್ತದೆ, ಕಾರ್ಬನ್ ರಿಮ್ ಕೆಡುತ್ತದೆ. ಪೆಟ್ಟಿಗೆಯಲ್ಲಿ ಹಾಕುವವರು ಹಿಂದಿನ ಡಿರೇಲರನ್ನು (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಚೌಕಟ್ಟಿನೊಳಗೆ ಕಟ್ಟಿ. ಅದು ಕೂರುವ ಹ್ಯಾಂಗರ್ ಮೆದು ಲೋಹದ್ದು, ಒಂದು ಪೆಟ್ಟಿಗೆ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದ್ದರೂ ಏರಿನಲ್ಲಿ ಕಡೆಯ ಗೇರಿಗೆ ಹಾಕಿದಾಗ ಚೈನ್ ದಾಟಿ ಕಡ್ಡಿಗಳೊಳಗೆ ಹೋಗುತ್ತದೆ. ರೇಸ್ ಅಲ್ಲಿಗೆ ಮುಗಿಯಿತು. ನಿಮ್ಮ ಮಾದರಿಯ ಹ್ಯಾಂಗರ್ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ, ರೇಸಿನ ಮುನ್ನಾದಿನ ಅದು ಎಲ್ಲೂ ಸಿಗುವುದಿಲ್ಲ. ಡಿಸ್ಕ್ ಬ್ರೇಕಿನವರು ಚಕ್ರ ತೆಗೆದ ಮೇಲೆ ಪ್ಯಾಡುಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿ. ಇಲ್ಲದಿದ್ದರೆ ಯಾರೋ ಲಿವರ್ ಒತ್ತಿ ಪ್ಯಾಡುಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಸೀಟಿನ ಎತ್ತರಕ್ಕೆ ಅಂಟುಪಟ್ಟಿಯ ಗುರುತು ಮಾಡಿ.

ಸೈಕಲನ್ನು ರೇಸಿನ ಹಿಂದಿನ ಮಧ್ಯಾಹ್ನವೇ ಆಯೋಜಕರಿಗೆ ಒಪ್ಪಿಸಬೇಕು. ಬೆಳಗ್ಗೆ ಹೊಡೆಸಿಕೊಂಡ ಗಾಳಿ ಆ ಬಿಸಿಲಿಗೆ ಹಿಗ್ಗುತ್ತದೆ. 30 ಡಿಗ್ರಿಯಲ್ಲಿದ್ದ ಟಯರ್ 60ಕ್ಕೆ ಕಾದರೆ ಒಳಗಿನ ಒತ್ತಡ ನೂರಕ್ಕೆ ಹತ್ತರಷ್ಟು ಏರುತ್ತದೆ. ಹಳೆಯ ಪ್ಯಾಚ್ ಇರುವ ಟ್ಯೂಬ್ ಸಂಜೆಯೊಳಗೆ ಢಂ ಎನ್ನುತ್ತದೆ. ಒಪ್ಪಿಸುವಾಗ 20 ಪಿಎಸ್‌ಐ ಇಳಿಸಿ ಬನ್ನಿ, ಬೆಳಗ್ಗೆ ಮತ್ತೆ ಹೊಡೆಯಿರಿ. 70 ಕಿಲೋ ತೂಕದವರಿಗೆ 25 ಮಿ.ಮೀ. ಟಯರಿನಲ್ಲಿ 80ರಿಂದ 90, 28ರಲ್ಲಿ 70ರಿಂದ 80 ಸಾಕು. 120 ಹೊಡೆದರೆ ವೇಗ ಹೆಚ್ಚುವುದಿಲ್ಲ, ಕುಲುಕಾಟ ಹೆಚ್ಚುತ್ತದೆ. ಸೀಟಿನ ಕೆಳಗೆ ಎರಡು ಟ್ಯೂಬ್, ಎರಡು ಟಯರ್ ಲಿವರ್, ಒಂದು ಸಣ್ಣ ಪಂಪ್. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈ ಮೇಲೆ ಬೆರಳಾಡಿಸಿ ಮುಳ್ಳೋ ಗಾಜೋ ತೆಗೆಯಿರಿ. ಆತುರದಲ್ಲಿ ಎರಡನೇ ಟ್ಯೂಬೂ ಅದೇ ಚೂರಿಗೆ ತೂತಾಗುವುದು ಬಹಳ ಸಾಮಾನ್ಯ.

ರಸ್ತೆಯಲ್ಲಿ ಎಡಕ್ಕಿರಿ, ಬಲದಿಂದ ದಾಟಿ. ಮುಂದಿನವರ ಮುಂಚಕ್ರಕ್ಕೂ ನಿಮ್ಮ ಮುಂಚಕ್ರಕ್ಕೂ 12 ಮೀಟರ್ ಅಂತರ ಬೇಕು. ಆ ವಲಯದೊಳಗೆ ಹೋದರೆ 25 ಸೆಕೆಂಡಿನಲ್ಲಿ ದಾಟಿ ಮುಗಿಸಬೇಕು. ಬೆನ್ನಿಗಂಟಿ ಗಾಳಿ ಕದ್ದರೆ ಐದು ನಿಮಿಷದ ದಂಡ. ನಮ್ಮಲ್ಲಿ ವಾರಾಂತ್ಯದ ಗುಂಪುಗಳಲ್ಲಿ ಒಬ್ಬರ ಹಿಂದೊಬ್ಬರು ಅಂಟಿಕೊಂಡೇ ಸವಾರಿ ಮಾಡುವುದರಿಂದ ಈ ತಪ್ಪು ಗೊತ್ತಿಲ್ಲದೇ ಆಗುತ್ತದೆ. ಶ್ರಮದ ವಿಷಯಕ್ಕೆ ಬಂದರೆ, ಪೆಡಲಿನ ವ್ಯಾಟ್ ಅಳೆಯುವ ಪವರ್ ಮೀಟರ್ ಇರುವವರು ಎಫ್‌ಟಿಪಿಯ (ಸುಮಾರು ಒಂದು ಗಂಟೆ ಸತತವಾಗಿ ತುಳಿಯಬಲ್ಲ ಗರಿಷ್ಠ ವ್ಯಾಟ್) ನೂರಕ್ಕೆ 70-75ರಲ್ಲಿರಿ. ತಂಪು ದೇಶಗಳ ತರಬೇತಿ ಪಟ್ಟಿಗಳಲ್ಲಿ 80 ಎಂದು ಬರೆದಿರುತ್ತದೆ, ಅದು ನಮ್ಮ ಕರಾವಳಿಗೆ ಹೊಂದುವುದಿಲ್ಲ. ಮೀಟರ್ ಇಲ್ಲದವರು ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ನೋಡಿಕೊಳ್ಳಿ. ಮೊದಲ ಹದಿನೈದು ನಿಮಿಷ ಏನೂ ತಿನ್ನಬೇಡಿ, ಈಜಿನಲ್ಲಿ ನುಂಗಿದ ಉಪ್ಪುನೀರು ಕೆಳಗಿಳಿಯಲಿ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು, ಬಾಯಾರಿಕೆ ಕಾಯದೆ.

ಓಟ. ಮೊದಲ ಎರಡು ಕಿಲೋಮೀಟರನ್ನು ಗುರಿಯ ವೇಗಕ್ಕಿಂತ 30-40 ಸೆಕೆಂಡ್ ನಿಧಾನಕ್ಕೆ ಓಡಿ. ಸೈಕಲ್ಲಿನಿಂದ ಇಳಿದ ಕಾಲಿಗೆ ವೇಗದ ಅಂದಾಜು ಇರುವುದಿಲ್ಲ, ನಿಧಾನ ಎನಿಸುತ್ತಲೇ ಜೋರಾಗಿ ಹೋಗಿರುತ್ತೀರಿ. ಪ್ರತಿ ನೀರಿನ ಮೇಜಿನ ಬಳಿ ನಡೆಯಿರಿ, ಇಪ್ಪತ್ತು ಮೂವತ್ತು ಸೆಕೆಂಡ್ ಅಷ್ಟೇ. ಮೊದಲ ಲೋಟ ತಲೆಗೆ, ಎರಡನೆಯದು ಬಾಯಿಗೆ. ಐಸ್ ಸಿಕ್ಕರೆ ಟೋಪಿಯೊಳಗೆ ಒಂದು ಹಿಡಿ, ಟ್ರೈಸೂಟಿನ (ಈಜು, ಸೈಕಲ್, ಓಟ ಮೂರಕ್ಕೂ ತೊಡುವ ಒಂದೇ ಉಡುಪು) ಎದೆಯೊಳಗೆ ಒಂದು ಹಿಡಿ, ಅಂಗೈಯಲ್ಲಿ ಒಂದು ತುಂಡು. ಅದು ಕರಗುವ ತನಕ, ಆವಿಯಾಗದ ಬೆವರು ಮಾಡಲಾಗದ ಕೆಲಸವನ್ನು ಮಾಡುತ್ತದೆ. ನೀರು ಸುರಿದುಕೊಳ್ಳುವಾಗ ಸೊಂಟದಿಂದ ಮುಂದಕ್ಕೆ ಬಾಗಿ. ನೆಟ್ಟಗೆ ನಿಂತು ಸುರಿದರೆ ಕಾಲಿಗುಂಟ ಇಳಿದು ಬೂಟು ತುಂಬಿ, ಹತ್ತನೇ ಕಿ.ಮೀ. ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ. ಗಡಿಯಾರದಲ್ಲಿ ಎದೆಬಡಿತಕ್ಕೆ ಒಂದು ಮೇಲ್ಮಿತಿ ಇಟ್ಟುಕೊಂಡು, ಅದು ದಾಟಿದಾಗ ನಡೆಯಿರಿ. ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಒಟ್ಟು ಎಂಟೂವರೆ ಗಂಟೆ ಕಾಲಮಿತಿ ಇರುತ್ತದೆ. ಆ ವರ್ಷದ ಸೂಚನಾ ಪುಸ್ತಿಕೆಯಲ್ಲಿ ಖಚಿತಪಡಿಸಿಕೊಳ್ಳಿ. ಏಳು ಗಂಟೆಯ ಲೆಕ್ಕ ಇಟ್ಟುಕೊಂಡವರಿಗೆ ನಡೆಯಲು ಸಮಯ ಬೇಕಾದಷ್ಟಿದೆ.

ಕೊನೆಯದಾಗಿ, ನಿಮ್ಮ ಪಕ್ಕದಲ್ಲಿ ಓಡುತ್ತಿರುವವರ ಬಗ್ಗೆ. ಯಾರಾದರೂ ಓಲಾಡುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸಿಡುಕಿದರೆ, ಆ ಬಿಸಿಲಿನಲ್ಲೂ ಚಳಿ ಎಂದರೆ ಅದು ಸುಸ್ತಲ್ಲ, ಶಾಖಾಘಾತ ಇರಬಹುದು. ಮೈ ಒಣಗಿರಬೇಕು ಎಂಬುದು ತಪ್ಪು ತಿಳುವಳಿಕೆ. ಓಟಗಾರರಲ್ಲಿ ಬೆವರು ಸುರಿಯುತ್ತಿರುವಾಗಲೇ ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ನಿಲ್ಲಿಸಿ, ನೆರಳಿಗೆ ಕರೆದೊಯ್ದು, ಸಿಕ್ಕಷ್ಟು ತಣ್ಣೀರು, ಐಸು ಮೈಮೇಲೆ ಹಾಕಿ, ಸ್ವಯಂಸೇವಕರನ್ನು ಕೂಗಿ. ಐಸ್ ನೀರಿನ ತೊಟ್ಟಿ ಇದ್ದರೆ ಕುತ್ತಿಗೆವರೆಗೆ ಅದರಲ್ಲಿ ಕೂರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ. ಮೊದಲ ಅರ್ಧ ಗಂಟೆಯೊಳಗೆ ತಂಪು ಮಾಡಿದರೆ ಜೀವ ಉಳಿಯುತ್ತದೆ. ತಂಪು ಮೊದಲು, ಆಂಬುಲೆನ್ಸ್ ಪ್ರಯಾಣ ಆಮೇಲೆ.

ಸಭಿಕರ ಪ್ರಶ್ನೆಗಳು

ಜೆಲ್, ಪುಡಿ ಎಲ್ಲ ಬಿಟ್ಟು ಎಳನೀರಿನಲ್ಲೇ ಮುಗಿಸಬಹುದೇ ಎಂದು ಒಬ್ಬರು ಕೇಳಿದರು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೋಗುವುದು ಸೋಡಿಯಂ. ಅದನ್ನೇ ಕುಡಿಯುವುದಾದರೆ ಲೀಟರಿಗೆ 2 ಗ್ರಾಂ ಉಪ್ಪು ಸೇರಿಸಬೇಕು. ಓಆರ್‌ಎಸ್ ಪುಡಿ ಇದಕ್ಕೆ ತಿರುಗಿ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 1700 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ, ಗ್ಲೂಕೋಸ್ ಮಾತ್ರ 13.5 ಗ್ರಾಂ. ಉಪ್ಪಿಗೆ ಸರಿ, ಶಕ್ತಿಗೆ ಸಾಲದು.

ಕಾಲು ಹಿಡಿದುಕೊಂಡರೆ ನೋವಿನ ಮಾತ್ರೆ ನುಂಗಬಹುದೇ? ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಆಗಲೇ ನೀರು ಕಡಿಮೆಯಾಗಿ ದಣಿದಿರುವ ಮೂತ್ರಪಿಂಡಕ್ಕೆ ರಕ್ತ ಇನ್ನೂ ಕಡಿಮೆ ಮಾಡುತ್ತವೆ. ನಿಂತು, ಹಿಡಿದ ಸ್ನಾಯುವನ್ನು ಅರ್ಧ ನಿಮಿಷ ನಿಧಾನಕ್ಕೆ ಚಾಚಿ, ಎರಡು ನಿಮಿಷ ನಡೆದು, ಕಡಿಮೆ ವೇಗದಲ್ಲಿ ಮುಂದುವರಿಯಿರಿ. ಬಹಳ ಸಲ ಕಾರಣ ಅಭ್ಯಾಸಕ್ಕಿಂತ ಜೋರಾಗಿ ಹೋಗಿರುವುದು.

ರೇಸ್ ಮುಗಿದ ಮೇಲೆ ಸೈಕಲ್ಲಿಗೆ ಏನು ಮಾಡಬೇಕು? ಕಡಲಗಾಳಿಯ ಉಪ್ಪು, ಬಾಟಲಿಯಿಂದ ಚೆಲ್ಲಿದ ಸಕ್ಕರೆ ನೀರು, ಮೈಯಿಂದ ಸುರಿದ ಬೆವರು ಎರಡೇ ದಿನದಲ್ಲಿ ಬೋಲ್ಟುಗಳಿಗೆ ತುಕ್ಕು ಹಿಡಿಸುತ್ತವೆ. ಅದೇ ಸಂಜೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಬೇರಿಂಗುಗಳಿಗೆ ಜೋರು ನೀರು ಬಿಡಬೇಡಿ. ಒರೆಸಿ ಚೈನಿಗೆ ಎಣ್ಣೆ ಹಾಕಿ. ಹ್ಯಾಂಡಲಿನ ಟೇಪು ಬಿಚ್ಚಿ ಒಳಗೊಮ್ಮೆ ನೋಡಿ, ಟ್ರೈನರಿನಲ್ಲಿ ಬೆವರು ಸುರಿಸಿದವರ ಅಲ್ಯೂಮಿನಿಯಂ ಹ್ಯಾಂಡಲ್ ಅಲ್ಲೇ ಕೊರೆದುಹೋಗಿರುತ್ತದೆ.

ಸೋಮವಾರ ಕಚೇರಿ ಇದೆ, ರೇಸ್ ಮುಗಿಸಿ ಅವತ್ತೇ ಕಾರು ಓಡಿಸಿಕೊಂಡು ಬರಬಹುದೇ ಎಂಬುದು ಕೊನೆಯ ಪ್ರಶ್ನೆ. ನಾಲ್ಕಕ್ಕೆ ಎದ್ದವರು ನೀವು, ಮಧ್ಯಾಹ್ನ ಎರಡಕ್ಕೆ ಮುಗಿಸಿ, ಸೈಕಲ್ ಬಿಡಿಸಿಕೊಳ್ಳುವಷ್ಟರಲ್ಲಿ ನಾಲ್ಕು. ಚೋರ್ಲಾ ಘಾಟಿನ ಅಥವಾ ಅನಮೋಡದ ತಿರುವುಗಳಿಗೆ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಬ್ರೇಕ್ ಒತ್ತಿದಾಗ ತೊಡೆ ಹಿಡಿದುಕೊಳ್ಳುತ್ತದೆ, ನಿದ್ದೆ ತಡೆಯಲಾಗುವುದಿಲ್ಲ. ರೇಸಿಗೆ ಹೆಸರು ಕೊಡುವಾಗಲೇ ಸೋಮವಾರದ ರಜೆಯನ್ನೂ ಹಾಕಿ. ಆಗದಿದ್ದರೆ ರೇಸ್ ಮಾಡದ ಒಬ್ಬರನ್ನು ಚಾಲಕರಾಗಿ ಕರೆದುಕೊಂಡು ಹೋಗಿ.